ಲಂಬಾಣಿ ಭಾಷೆಗೆ ಲಿಪಿ ಇಲ್ಲ. ಅದನ್ನು ಇಂಟರ್ನೆಟ್‌ನಲ್ಲಿ ಬೆಳೆಸೋದು ಹೇಗೆ?

ಲಿಪಿಗಾಗಿ ಕಾಯಬೇಡಿ. ದಾವಣಗೆರೆ, ಚಿತ್ರದುರ್ಗದ ತಾಂಡಾಗಳಲ್ಲಿ ಓದು ಕಲಿತವರಿಗೆಲ್ಲ ಕನ್ನಡ ಅಕ್ಷರ ಬರುತ್ತದೆ. ಅದರಲ್ಲೇ ಬರೆಯಿರಿ. ತುಳು ವಿಕಿಪೀಡಿಯವೂ ಕನ್ನಡ ಲಿಪಿಯಲ್ಲೇ ಇದೆ. ಇನ್‌ಕ್ಯುಬೇಟರ್ ಅನ್ನೋ ಪರೀಕ್ಷಾ ತಾಣದಲ್ಲಿ ವರ್ಷಗಟ್ಟಲೆ ಇದ್ದು, 2016ರಲ್ಲಿ ಅದು ಸ್ವಂತ ವಿಕಿಪೀಡಿಯವಾಯಿತು. ಮಹಾರಾಷ್ಟ್ರದವರು ದೇವನಾಗರಿ, ತೆಲಂಗಾಣದವರು ತೆಲುಗು ಅಕ್ಷರ ಬಳಸಿದರೆ ಬಳಸಲಿ. ಆ ಜಗಳ ಆಮೇಲೆ.

ನನ್ನ ಕೇಳಿದರೆ, ಬರಹಕ್ಕಿಂತ ಮೊದಲು ಧ್ವನಿ. ಲಿಂಗ್ವಾ ಲಿಬ್ರೆ ತಾಣದಲ್ಲಿ ಪದಗಳ ಪಟ್ಟಿ ಹಾಕಿಕೊಂಡು ಒಂದೊಂದಾಗಿ ಹೇಳುತ್ತಾ ಹೋದರೆ ಸಾಕು. ಪ್ರತಿ ಪದವೂ ಬೇರೆ ಬೇರೆ ಫೈಲ್ ಆಗಿ ವಿಕಿಮೀಡಿಯ ಕಾಮನ್ಸ್ ಅನ್ನೋ ಮುಕ್ತ ಫೈಲ್ ಭಂಡಾರ ಸೇರುತ್ತದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಫೆಬ್ರವರಿಯಲ್ಲಿ ಲಂಬಾಣಿಗರ ಸಂತ ಸೇವಾಲಾಲ್ ಜಯಂತಿಗೆ ನಾನಾ ಕಡೆಯ ಜನ ಸೇರುತ್ತಾರೆ. ಒಂದೇ ಪದವನ್ನು ಬೇರೆ ಬೇರೆ ಊರಿನವರ ಬಾಯಲ್ಲಿ ಹಿಡಿಯಲು ಇದಕ್ಕಿಂತ ಒಳ್ಳೆ ಜಾಗ ಬೇಕಾ? ಮಾತಾಡಿದವರ ತಾಂಡಾ, ತಾಲ್ಲೂಕು, ವರ್ಷ ಬರೆದಿಡಿ. ಇಲ್ಲದಿದ್ದರೆ ಮುಂದೆ ಆ ಧ್ವನಿ ಎಲ್ಲಿಯದು ಅಂತ ಗೊತ್ತಾಗುವುದಿಲ್ಲ.

ಅನುಮತಿ ಮಾತ್ರ ಮರೆಯಬೇಡಿ. ಕಾಮನ್ಸ್‌ಗೆ ಹೋದದ್ದನ್ನು ಯಾರು ಬೇಕಾದರೂ ಬಳಸಬಹುದು, ಮಾರಲೂಬಹುದು. ಮದುಮಗಳು ತವರು ಬಿಡುವಾಗ ಅಳುತ್ತಾ ಹಾಡುವ ಢಾವ್ಲೊವನ್ನು ಸುಮ್ನೆ ಮೊಬೈಲ್‌ನಲ್ಲಿ ಹಿಡಿದು ಹಾಕುವುದು ಸರಿಯಲ್ಲ. ಹಾಡಿದವರಿಗೆ ಇದನ್ನೆಲ್ಲ ಬಿಡಿಸಿ ಹೇಳಿ, ಅವರು ಒಪ್ಪಿದರೆ ಮಾತ್ರ ಹಾಕಿ.

ಹ್ಯಾಷ್‌ಟ್ಯಾಗ್ ಅಭಿಯಾನ ಮಾಡಿ, ತಪ್ಪಿಲ್ಲ. ಆದರೆ ಅದನ್ನು ಜನಗಣತಿ ಹೊತ್ತಿಗೆ ಇಟ್ಟುಕೊಳ್ಳಿ. 2011ರಲ್ಲಿ 32 ಲಕ್ಷಕ್ಕೂ ಜಾಸ್ತಿ ಜನ ಲಂಬಾಣಿ ತಾಯ್ನುಡಿ ಅಂತ ಬರೆಸಿದ್ದರು. ಅದನ್ನು ಹಿಂದಿಯ ಗುಂಪಿಗೆ ಸೇರಿಸಿ ಎಣಿಸಿದರು!