ಶಾಖ ಬಂತು ಸರಿ, ನ್ಯೂಟ್ರಾನ್ ಎಲ್ಲಿ?

ಪ್ರೀತಿಯ ಮೇಷ್ಟ್ರೇ,

ನಿಮ್ಮ ನಾಲ್ಕು ಪುಟದ ಪತ್ರವನ್ನು ಎರಡು ಸಲ ಓದಿದೆ. ನಮ್ಮ ಶುದ್ಧ ಇಂಧನ ಸಂಚಿಕೆಯಲ್ಲಿ ಕೋಲ್ಡ್ ಫ್ಯೂಷನ್, ಅಂದರೆ ಪರಮಾಣುಗಳ ನಡುಭಾಗವಾದ ನ್ಯೂಕ್ಲಿಯಸ್‌ಗಳು ಸಾಮಾನ್ಯ ಉಷ್ಣತೆಯಲ್ಲೇ ಕೂಡಿ ಶಕ್ತಿ ಕೊಡುವ ಸಮ್ಮಿಲನದ ಹೆಸರೇ ಇಲ್ಲವಲ್ಲ ಎಂದು ಬೇಸರ ಮಾಡಿಕೊಂಡಿದ್ದೀರಿ. ತೈಲ ಕಂಪನಿಗಳು ಅದನ್ನು ಹೂತುಹಾಕಿದವು, ಪತ್ರಿಕೆಗಳು ಬಾಯಿ ಮುಚ್ಚಿಕೊಂಡವು ಎಂದಿದ್ದೀರಿ. ಕೊನೆಯ ಪುಟದಲ್ಲಿ ಇನ್ನೊಂದು ಮಾತಿದೆ. ಇಂಥ ಯಂತ್ರ ಮಾಡುತ್ತೇವೆ ಎನ್ನುವವರಿಗೆ ನಿಮ್ಮ ನಿವೃತ್ತಿಯ ಹಣ ಕೊಡಲು ಹೊರಟಿದ್ದೀರಿ. ಅದನ್ನು ಓದಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ.

ಆಸೆ ಯಾರಿಗೂ ಹುಟ್ಟುವಂಥದ್ದೇ. ಸಮುದ್ರದ ನೀರಿನಲ್ಲಿ ಸುಮಾರು 6,400 ಹೈಡ್ರೋಜನ್ ಪರಮಾಣುಗಳಿಗೆ ಒಂದು ಡ್ಯೂಟೀರಿಯಂ, ಅಂದರೆ ಭಾರವಾದ ಹೈಡ್ರೋಜನ್, ಸಿಗುತ್ತದೆ. ಅಷ್ಟು ಕಡಿಮೆ ಇದ್ದರೂ, ಒಂದು ಲೀಟರಿನಲ್ಲಿರುವ ಡ್ಯೂಟೀರಿಯಂ ಪೂರ್ತಿ ಸಮ್ಮಿಲನಗೊಂಡರೆ ನೂರಾರು ಲೀಟರ್ ಪೆಟ್ರೋಲ್ ಉರಿಸಿದಷ್ಟು ಶಕ್ತಿ. ಹೊಗೆಯಿಲ್ಲ, ಇಂಗಾಲವಿಲ್ಲ. ಆದರೆ ನ್ಯೂಕ್ಲಿಯಸ್‌ಗಳಿಗೆ ಧನ ಆವೇಶವಿದೆ, ಒಂದನ್ನೊಂದು ದೂರ ತಳ್ಳುತ್ತವೆ. ಅವನ್ನು ಸೇರಿಸಲು ಸೂರ್ಯನ ಒಡಲಲ್ಲಿ ಒಂದೂವರೆ ಕೋಟಿ ಡಿಗ್ರಿ ಶಾಖವಿದೆ. ನಮ್ಮ ರಿಯಾಕ್ಟರುಗಳಿಗೆ ಹತ್ತು ಕೋಟಿಗೂ ಜಾಸ್ತಿ ಬೇಕು.

ಅದಕ್ಕೇ 1989ರ ಮಾರ್ಚ್ 23ರಂದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ರಸಾಯನ ವಿಜ್ಞಾನಿಗಳಾದ ಮಾರ್ಟಿನ್ ಫ್ಲೈಷ್‌ಮನ್ ಮತ್ತು ಸ್ಟ್ಯಾನ್ಲಿ ಪಾನ್ಸ್ ಆಡಿದ ಮಾತಿಗೆ ಜಗತ್ತೇ ಎದ್ದು ಕೂತಿತು. ಡ್ಯೂಟೀರಿಯಂನಿಂದಾದ ನೀರು, ಅಂದರೆ ಭಾರಜಲದಲ್ಲಿ ಪಲ್ಲಾಡಿಯಂ ಲೋಹದ ಕಡ್ಡಿ, ಅದರ ಸುತ್ತ ಪ್ಲಾಟಿನಂ ತಂತಿ. ವಿದ್ಯುತ್ ಹರಿಸಿದರೆ ಕೊಟ್ಟದ್ದಕ್ಕಿಂತ ಜಾಸ್ತಿ ಶಾಖ ಬರುತ್ತದೆ, ಇದು ಸಮ್ಮಿಲನವೇ ಎಂದರು. ನೀವು ತರಗತಿಯಲ್ಲಿ ಎಷ್ಟೋ ಸಲ ಮಾಡಿ ತೋರಿಸಿದ, ವಿದ್ಯುತ್ತಿನಿಂದ ನೀರು ಒಡೆಯುವ ವಿದ್ಯುದ್ವಿಭಜನೆಯೇ ಅದು, ಅಲ್ವಾ?

ಪಲ್ಲಾಡಿಯಂ ತನ್ನ ಗಾತ್ರದ ಸುಮಾರು 900 ಪಟ್ಟು ಹೈಡ್ರೋಜನ್ ಹೀರುತ್ತದೆ. ಹಾಗಾಗಿ ಒಳಗೆ ನ್ಯೂಕ್ಲಿಯಸ್‌ಗಳು ಒತ್ತಿಕೊಂಡು ಕೂತಿರುತ್ತವೆ ಎಂದು ನೀವು ಬರೆದಿದ್ದೀರಿ. ನಾನೂ ಬಹಳ ದಿನ ಹಾಗೇ ನಂಬಿದ್ದೆ. ನಿಜ ಬೇರೆ ಇದೆ. ಡ್ಯೂಟೀರಿಯಂ ಅನಿಲದ ಅಣುವಿನಲ್ಲಿ ಎರಡು ನ್ಯೂಕ್ಲಿಯಸ್‌ಗಳ ನಡುವೆ 0.074 ನ್ಯಾನೋಮೀಟರ್ ದೂರ. ಲೋಹದೊಳಗೆ ಈ ದೂರ ಅದರ ಎರಡು ಪಟ್ಟಿಗೂ ಜಾಸ್ತಿ.

ಇನ್ನು ನ್ಯೂಟ್ರಾನ್ ವಿಷಯ. ನನ್ನ ನಂಬಿಕೆ ಕುಸಿದದ್ದು ಇಲ್ಲೇ. ಎರಡು ಡ್ಯೂಟೀರಿಯಂ ಸೇರಿದರೆ ಹೆಚ್ಚುಕಡಿಮೆ ಅರ್ಧದಷ್ಟು ಸಲ ಒಂದು ನ್ಯೂಟ್ರಾನ್ ಹೊರಬರುತ್ತದೆ, ಉಳಿದರ್ಧ ಸಲ ಇನ್ನೂ ಭಾರದ ಹೈಡ್ರೋಜನ್ ಆದ ಟ್ರೀಷಿಯಂ ಹುಟ್ಟುತ್ತದೆ. ಈ ಲೆಕ್ಕದಲ್ಲಿ ಒಂದೇ ಒಂದು ವಾಟ್ ಶಾಖಕ್ಕೆ ಸೆಕೆಂಡಿಗೆ ಹತ್ತಿರಹತ್ತಿರ ಒಂದು ಲಕ್ಷ ಕೋಟಿ ನ್ಯೂಟ್ರಾನ್ ಬರಬೇಕು. ರಕ್ಷಣೆಯಿಲ್ಲದೆ ಆ ಪಾತ್ರೆಯ ಪಕ್ಕ ನಿಂತವರು ಬದುಕುತ್ತಿರಲಿಲ್ಲ. ಫ್ಲೈಷ್‌ಮನ್, ಪಾನ್ಸ್ ಇಬ್ಬರೂ ಚೆನ್ನಾಗಿಯೇ ಇದ್ದರು. ‘ಇಲ್ಲಿ ಬರೀ ಹೀಲಿಯಂ-4 ಹುಟ್ಟುತ್ತದೆ’ ಎನ್ನುವವರಿದ್ದಾರೆ. ಆದರೆ ಗೊತ್ತಿರುವ ಸಮ್ಮಿಲನದಲ್ಲಿ ಅದು ಕೋಟಿಗೊಂದು ಸಲ ಆಗುವಂಥದ್ದು. ಆದಾಗಲೂ ಜೋರಾದ ಗಾಮಾ ಕಿರಣ ಬರುತ್ತದೆ. ಅದೂ ಕಾಣಲಿಲ್ಲ.

ಹಾಗಾದರೆ ಶಾಖ? ತೆರೆದ ಪಾತ್ರೆಯಲ್ಲಿ ಶಾಖ ಅಳೆಯುವುದು ನೀವಂದುಕೊಂಡಷ್ಟು ಸುಲಭವಲ್ಲ. ನೀರು ಒಡೆದು ಹುಟ್ಟಿದ ಅನಿಲಗಳು ಹೊರಗೆ ಹೋದವು ಎಂದು ಲೆಕ್ಕ ಬರೆದಿರುತ್ತೇವೆ. ಅವು ಒಳಗೇ ಮತ್ತೆ ಕೂಡಿದರೆ ಆ ಶಾಖ ಪಾತ್ರೆಗೇ ಸೇರುತ್ತದೆ, ಲೆಕ್ಕ ತಪ್ಪುತ್ತದೆ. ಪಾತ್ರೆಯ ಒಂದು ಮೂಲೆ ಇನ್ನೊಂದಕ್ಕಿಂತ ಬಿಸಿಯಿದ್ದರೂ ಸಾಕು.

ಹೂತುಹಾಕಿದರು ಎನ್ನುವ ಮಾತನ್ನು ನಾನು ಒಪ್ಪಲಾರೆ. ಯೂಟಾ ರಾಜ್ಯವೇ 50 ಲಕ್ಷ ಡಾಲರ್ ಕೊಟ್ಟು ಸಂಸ್ಥೆ ಕಟ್ಟಿತು. ಅದು 1991ರಲ್ಲಿ ಮುಚ್ಚಿತು. ಟೊಯೋಟಾ ಬಳಗದ ದುಡ್ಡಿನಿಂದ ಅವರಿಬ್ಬರಿಗೆ ಫ್ರಾನ್ಸಿನಲ್ಲಿ ಪ್ರಯೋಗಾಲಯ ಸಿಕ್ಕಿತು. ಗೂಗಲ್ ನೆರವಿನ ತಂಡ ವರ್ಷಗಟ್ಟಲೆ ಹುಡುಕಿ, ಏನೂ ಸಿಗಲಿಲ್ಲ ಎಂದು 2019ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಬರೆಯಿತು. 2023ರಲ್ಲಿ ಅಮೆರಿಕ ಸರ್ಕಾರದ ಇಂಧನ ಸಂಶೋಧನಾ ವಿಭಾಗ ಮತ್ತೆ ಎಂಟು ತಂಡಗಳಿಗೆ ಹಣ ಕೊಟ್ಟಿತು.

ಆ ಹುಡುಕಾಟ ವ್ಯರ್ಥವಾಯಿತು ಎಂದು ನಾನು ಹೇಳುವುದಿಲ್ಲ. ಗೂಗಲ್ ತಂಡದಲ್ಲಿದ್ದ ಕರ್ಟಿಸ್ ಬರ್ಲಿಂಗೆಟ್ ಕೆನಡಾದಲ್ಲಿ ಪಲ್ಲಾಡಿಯಂ ಕೆಲಸ ಮುಂದುವರಿಸಿದರು. ಲೋಹಕ್ಕೆ ವಿದ್ಯುದ್ವಿಭಜನೆಯಿಂದ ಡ್ಯೂಟೀರಿಯಂ ತುಂಬಿ, ಇನ್ನೊಂದು ಕಡೆಯಿಂದ ವೇಗದ ಡ್ಯೂಟೀರಿಯಂ ಅಯಾನುಗಳನ್ನು ಹೊಡೆದರೆ ಸಮ್ಮಿಲನ ಸರಾಸರಿ 15 ಶೇಕಡಾ ಹೆಚ್ಚುತ್ತದೆ ಎಂದು ಅವರ ತಂಡ 2025ರಲ್ಲಿ ತೋರಿಸಿತು. ಅಲ್ಲಿ ಅಳೆದದ್ದು ಶಾಖವನ್ನಲ್ಲ, ನ್ಯೂಟ್ರಾನನ್ನು. ಇದು ಕೋಲ್ಡ್ ಫ್ಯೂಷನ್ ಅಲ್ಲ, ಹೊರಬಂದ ಶಕ್ತಿ ಒಳಗೆ ಹೋದದ್ದರ ಮುಂದೆ ಏನೇನೂ ಅಲ್ಲ. ಆದರೂ ಓದಿ ಖುಷಿಯಾಯಿತು.

ಹಣದ ವಿಷಯದಲ್ಲಿ ನನ್ನದೊಂದು ಬೇಡಿಕೆ. ಕೊಡುವ ಮುನ್ನ ಅವರಿಗೆ ಕಾಗದ ಬರೆಯಿರಿ. ಶಾಖ ಅಳೆದವರು ಯಾರು, ಅವರದೇ ಜನವೋ ಹೊರಗಿನವರೋ? ಎಷ್ಟು ದಿನ ಅಳೆದರು? ನ್ಯೂಟ್ರಾನ್, ಟ್ರೀಷಿಯಂ, ಹೀಲಿಯಂ ಇವುಗಳಲ್ಲಿ ಯಾವುದು ಎಷ್ಟು ಸಿಕ್ಕಿತು? ಉತ್ತರ ಬರುವ ತನಕ ಒಂದು ಪೈಸೆಯೂ ಕೊಡಬೇಡಿ. ಬಂದರೆ ನನಗೂ ಒಂದು ಪ್ರತಿ ಕಳಿಸಿ, ಪೂರ್ತಿ ಅಚ್ಚು ಹಾಕುತ್ತೇನೆ.

— ಸಂಪಾದಕ