ಓದುಗರ ಪ್ರಶ್ನೆ: ರಾತ್ರಿ ಮಿಣುಕುವ ಪರದೆ, ಥಂಡಿಗೆ ಮೂಡುವ ನೆರಳಂಕಿ

ಪ್ರಶ್ನೆ: ತೋಟದ ಮಳೆಮಾಪಕಕ್ಕೆ 2.8 ಇಂಚಿನ ಟಿಎಫ್‌ಟಿ ಪರದೆ ಜೋಡಿಸಿದ್ದೇನೆ. ಪರದೆ ಓಡಿಸುವ ಡ್ರೈವರ್ ಐಸಿ ಐಎಲ್‌ಐ9341, ಒಂದೇ 18650 ಲಿಥಿಯಂ ಸೆಲ್, ನಡುವೆ ವೋಲ್ಟೇಜು 3.3ಕ್ಕೆ ಇಳಿಸುವ ಎಂಸಿಪಿ1700 ರೆಗ್ಯುಲೇಟರ್. ಮಳೆಗಾಲದಲ್ಲಿ ಸೋಲಾರ್ ಚಾರ್ಜ್ ಸಾಲದ್ದರಿಂದ ರಾತ್ರಿ ಐಡಲ್ ಮೋಡ್‌ಗೆ (ಬಣ್ಣ ಕಡಿಮೆ ಮಾಡಿ ಕರೆಂಟ್ ಉಳಿಸುವ ಸ್ಥಿತಿ) ಹಾಕಿ ರಿಫ್ರೆಶ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಮತ್ತೆ ಬರೆಯುವುದೆಂಬ ವೇಗ) ಇಳಿಸಿದೆ. ಈಗ ಪರದೆ ಮಿಣುಕುತ್ತದೆ. ಸ್ಲೀಪ್‌ನಿಂದ ಎಬ್ಬಿಸಿದರೆ ಕೆಲವೊಮ್ಮೆ ಬರೀ ಬಿಳಿ. ಪರದೆಯನ್ನೇ ಬದಲಿಸಬೇಕೇ? (ತೀರ್ಥಹಳ್ಳಿ)

ಉತ್ತರ: ಬೇಡ, ಪರದೆ ಕೆಟ್ಟಿಲ್ಲ. ನಿಮ್ಮಲ್ಲಿರುವುದು ಒಂದಕ್ಕೊಂದು ಸಂಬಂಧವಿಲ್ಲದ ಎರಡು ದೋಷ.

ಮೊದಲು ಮಿಣುಕು. ಪ್ರತಿ ಪಿಕ್ಸೆಲ್ಲೂ ಒಂದು ಪುಟ್ಟ ಕೆಪಾಸಿಟರ್. ತುಂಬಿಸಿದ ಚಾರ್ಜನ್ನು ಅದು ಮುಂದಿನ ರಿಫ್ರೆಶ್ ಬರುವವರೆಗೆ ಹಿಡಿದಿಟ್ಟುಕೊಳ್ಳಬೇಕು, ಆದರೆ ಅದರ ಟ್ರಾನ್ಸಿಸ್ಟರ್ ಸ್ವಲ್ಪ ಸೋರುತ್ತಲೇ ಇರುತ್ತದೆ. 70 ಹರ್ಟ್ಸ್‌ನಲ್ಲಿ ಕಾಯುವ ಹೊತ್ತು 14 ಮಿಲಿಸೆಕೆಂಡ್, 17 ಹರ್ಟ್ಸ್‌ಗೆ ಇಳಿಸಿದರೆ ಸುಮಾರು 59. ಜೊತೆಗೆ ದ್ರವಸ್ಫಟಿಕ ಕೆಡದಿರಲೆಂದು ಡ್ರೈವರ್ ಪ್ರತಿ ಫ್ರೇಮಿಗೂ ಧ್ರುವ ಬದಲಿಸುತ್ತದೆ. ವಿಕಾಂ, ಅಂದರೆ ಎಲ್ಲ ಪಿಕ್ಸೆಲ್‌ಗಳಿಗೂ ಸಮಾನವಾದ ವೋಲ್ಟೇಜು, ಧನ-ಋಣಗಳ ಸರಿಯಾಗಿ ನಡುವೆ ಇಲ್ಲದಿದ್ದರೆ ಧನ ಫ್ರೇಮಿನ ಬೆಳಕೇ ಬೇರೆ, ಋಣ ಫ್ರೇಮಿನದೇ ಬೇರೆ. ಈ ಏರಿಳಿತ ರಿಫ್ರೆಶ್‌ನ ಅರ್ಧ ವೇಗದಲ್ಲಿ ಮರುಕಳಿಸುತ್ತದೆ. 35 ಹರ್ಟ್ಸ್‌ನ ಸಣ್ಣ ಏರಿಳಿತವನ್ನು ಕಣ್ಣು ಗಮನಿಸುವುದಿಲ್ಲ, ಎಂಟು-ಒಂಬತ್ತು ಹರ್ಟ್ಸ್ ಆದರೆ ಕಣ್ಣಿಗೆ ಚುಚ್ಚುತ್ತದೆ.

ಐಡಲ್ ಮೋಡ್‌ನಲ್ಲೇ ಇದು ಹೆಚ್ಚಲು ಇನ್ನೊಂದು ಕಾರಣವಿದೆ, ಬಹಳ ಜನ ಗಮನಿಸದ್ದು. ಧ್ರುವ ಬದಲಿಸುವ ಬಗೆಯನ್ನು ಹೇಳುವ, ಈ ಐಸಿಯ ಬಿ4 ರಿಜಿಸ್ಟರ್‌ನ (ಸೆಟ್ಟಿಂಗ್ ಬರೆದಿಡುವ ಕೋಶ) ಮೂಲ ಬೆಲೆ 02 (ಇಲ್ಲಿನ ರಿಜಿಸ್ಟರ್, ಬೆಲೆ, ಆದೇಶಗಳ ಅಂಕಿಗಳೆಲ್ಲ ಹೆಕ್ಸ್‌ನಲ್ಲಿ). ಹಾಗೆಂದರೆ ಸಾಮಾನ್ಯ ಮೋಡ್‌ನಲ್ಲಿ ಸಾಲು ಸಾಲಿಗೆ ಧ್ರುವ ಬದಲಾದರೆ, ಐಡಲ್‌ನಲ್ಲಿ ಇಡೀ ಫ್ರೇಮಿಗೆ ಒಂದೇ ಧ್ರುವ. ಸಾಲುಗಳ ಏರಿಳಿತ ಒಂದನ್ನೊಂದು ಮುಚ್ಚಿಹಾಕುವುದು ಆಗ ನಿಂತುಹೋಗುತ್ತದೆ. ಬಿ4ಗೆ 00 ಬರೆಯಿರಿ. ಐಡಲ್‌ನ ರಿಫ್ರೆಶ್ ಇಳಿಸುವುದು ಸಾಮಾನ್ಯ ಮೋಡ್‌ನ ಬಿ1 ಅಲ್ಲ, ಬಿ2. ಅದಕ್ಕೆ 01, 1ಬಿ ಕೊಟ್ಟರೆ ಸುಮಾರು 35 ಹರ್ಟ್ಸ್ ಸಿಗುತ್ತದೆ. ಅಲ್ಲಿಗೆ ನಿಲ್ಲಿಸಿ.

ಆಮೇಲೂ ಉಳಿದ ಮಿಣುಕಿಗೆ ವಿಕಾಂ ತಿದ್ದಬೇಕು. ಒಂದು ಸಾಲು ನಡುಬೂದು, ಒಂದು ಸಾಲು ಕಪ್ಪು ಹೀಗೆ ಇಡೀ ಪರದೆ ತುಂಬಿಸಿ. ಐಡಲ್‌ನಲ್ಲಿ ಎಂಟೇ ಬಣ್ಣ, ಬೂದು ಬರುವುದಿಲ್ಲ. ಹಾಗಾಗಿ ಇದನ್ನು ಸಾಮಾನ್ಯ ಮೋಡ್‌ನಲ್ಲಿ, ಬಿ1ಗೂ 01, 1ಬಿ ಕೊಟ್ಟು ಮಾಡಿ. ಪರದೆಯನ್ನು ಅಡ್ಡ ತಿರುಗಿಸಿದ್ದರೆ ಸಾಲುಗಳು ಲಂಬವಾಗಿ ಕಾಣಬೇಕು. ಸಿ7 ರಿಜಿಸ್ಟರ್‌ನ ಮೇಲಿನ ಬಿಟ್ 1 ಇಟ್ಟು, ಕೆಳಗಿನ ಏಳು ಬಿಟ್‌ಗಳ ಬೆಲೆಯನ್ನು ಒಂದೊಂದೇ ಹೆಜ್ಜೆ ಏರಿಸಿ, ಇಳಿಸಿ ನೋಡಿ. ಮಿಣುಕು ಅತಿ ಕಡಿಮೆ ಇರುವ ಬೆಲೆಯೇ ನಿಮ್ಮ ಪರದೆಯದು. ಸ್ನೇಹಿತರ ಪರದೆಗೆ ಹೊಂದಿದ ಬೆಲೆ ನಿಮ್ಮದಕ್ಕೆ ಹೊಂದಬೇಕೆಂದಿಲ್ಲ.

ಇನ್ನು ಬಿಳಿ ಪರದೆ. ಇದು ಬಹುಪಾಲು ವಿದ್ಯುತ್ ಪೂರೈಕೆಯ ತೊಂದರೆ. ಎಂಸಿಪಿ1700 ತನಗಾಗಿ ಬಳಸುವುದು ಕೇವಲ 1.6 ಮೈಕ್ರೊ ಆಂಪ್. ಅಷ್ಟು ಮಿತವ್ಯಯಿಯಾದ್ದರಿಂದಲೇ ಲೋಡ್ ದಿಢೀರನೆ ಏರಿದಾಗ ಅದು ನಿಧಾನವಾಗಿ ಎಚ್ಚರಗೊಳ್ಳುತ್ತದೆ. ಸ್ಲೀಪ್ ಮುಗಿದ ಕೂಡಲೇ ಡ್ರೈವರ್‌ನ ಚಾರ್ಜ್ ಪಂಪ್‌ಗಳು (ಒಳಗೇ ಹೆಚ್ಚಿನ ವೋಲ್ಟೇಜು ತಯಾರಿಸುವ ಭಾಗ) ಕರೆಂಟ್ ಎಳೆಯುತ್ತವೆ, 3.3 ವೋಲ್ಟ್ ಕುಸಿಯುತ್ತದೆ, ರಿಜಿಸ್ಟರ್‌ಗಳು ಅಳಿಸಿಹೋಗುತ್ತವೆ. ಪರದೆಯ ವಿಸಿಸಿ (ವಿದ್ಯುತ್ ಪೂರೈಕೆ) ಪಿನ್ನಿಗೆ ತಾಗಿದಂತೆ 10 ಮೈಕ್ರೊಫ್ಯಾರಡ್ ಮತ್ತು 0.1 ಮೈಕ್ರೊಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಹಾಕಿ, ಎಕ್ಸ್7ಆರ್ ಜಾತಿಯದು. ತೀರಾ ಚಿಕ್ಕ ಗಾತ್ರದ್ದು ಬೇಡ, ವೋಲ್ಟೇಜು ಹಾಕಿದಾಗ ಅದರ ಧಾರಣೆ ಅರ್ಧಕ್ಕಿಂತ ಕೆಳಗಿಳಿಯಬಹುದು. ಸ್ಲೀಪ್ ಮುಗಿಸುವ 11 ಆದೇಶದ ನಂತರ 120 ಮಿಲಿಸೆಕೆಂಡ್ ಬಿಟ್ಟು ಚಿತ್ರ ತೋರಿಸುವ 29 ಕಳಿಸಿ, ಬ್ಯಾಕ್‌ಲೈಟ್ ಕೊನೆಗೆ ಹೊತ್ತಿಸಿ. ಚಾರ್ಜ್ ಪಂಪ್, ಬ್ಯಾಕ್‌ಲೈಟ್ ಎರಡೂ ಒಟ್ಟಿಗೆ ಎಳೆದರೆ ಕುಸಿತ ಖಚಿತ.

ನಿಮ್ಮ ಮಾಡ್ಯೂಲಿನ ಹಿಂದೆ ಜೆ1 ಎಂಬ ಜಂಪರ್ ಇದೆಯೇ ನೋಡಿ. ಹೊರಗಿನಿಂದ 3.3 ವೋಲ್ಟ್ ಕೊಡುವಾಗ ಅದನ್ನು ಬೆಸೆಯಬೇಕು, ಇಲ್ಲದಿದ್ದರೆ ಮಾಡ್ಯೂಲಿನ ಸ್ವಂತ ರೆಗ್ಯುಲೇಟರ್ ಇನ್ನಷ್ಟು ವೋಲ್ಟೇಜು ತಿನ್ನುತ್ತದೆ. ಪರದೆಯ ವಿಸಿಸಿಯನ್ನೇ ಕಡಿಯುವುದಾದರೆ ಎಸ್‌ಪಿಐ (ಪರದೆಗೆ ಮಾಹಿತಿ ಕಳಿಸುವ) ಪಿನ್‌ಗಳನ್ನೂ ಸೊನ್ನೆಗೆ ಇಳಿಸಿ. ಹಾಗೇ ಬಿಟ್ಟರೆ ಆ ಪಿನ್‌ಗಳ ಮೂಲಕ ಕರೆಂಟ್ ನುಗ್ಗಿ ಐಸಿ ಅರೆಜೀವವಾಗಿ ಉಳಿಯುತ್ತದೆ, ಮತ್ತೆ ಸರಿಯಾಗಿ ರೀಸೆಟ್ ಆಗುವುದಿಲ್ಲ.

ಒಂದು ಮಾತು: ರಿಫ್ರೆಶ್ ಇಳಿಸಿ ಉಳಿಯುವುದು ಅಲ್ಪ, ಬ್ಯಾಕ್‌ಲೈಟ್ ಒಂದೇ ಹತ್ತಾರು ಮಿಲಿ ಆಂಪ್ ಕುಡಿಯುತ್ತದೆ. ರಾತ್ರಿ ಯಾರೂ ನೋಡದ ಪರದೆಯನ್ನು ಪೂರ್ತಿ ಮಲಗಿಸಿ, ಗುಂಡಿ ಒತ್ತಿದಾಗ ಮಾತ್ರ ಎಬ್ಬಿಸುವುದೇ ನಮ್ಮ ಸಲಹೆ.

ಪ್ರಶ್ನೆ: ಅಡಿಕೆ ಒಣಗಿಸುವ ಮನೆಯ ತಾಪಮಾಪಕದಲ್ಲಿ ಎಚ್‌ಟಿ1621 ಡ್ರೈವರ್ ಐಸಿ ಇರುವ ಸೆಗ್ಮೆಂಟ್ ಎಲ್‌ಸಿಡಿ (ಗೆರೆಗಳಿಂದ ಅಂಕಿ ಮೂಡಿಸುವ ಪರದೆ) ಇದೆ. ಬೇಸಿಗೆಯಲ್ಲಿ ಸ್ವಚ್ಛ, ಜಡಿಮಳೆ ಹಿಡಿದರೆ ಉರಿಯಬಾರದ ಗೆರೆಗಳೂ ಮಸುಕಾಗಿ ಮೂಡುತ್ತವೆ, ಕೆಲವು ಬೆಳಿಗ್ಗೆ ಪರದೆ ಖಾಲಿ. (ಸಾಗರ)

ಉತ್ತರ: ಥಂಡಿಯೇ ಕಾರಣ, ಆದರೆ ಬಾಗಿಲು ತೆರೆದುಕೊಟ್ಟದ್ದು ಬೆಸುಗೆಯ ಫ್ಲಕ್ಸ್. ಬೋರ್ಡಿನ ಮೇಲೆ ಉಳಿದ ಫ್ಲಕ್ಸ್ ತೇವ ಹೀರಿ ಪಕ್ಕಪಕ್ಕದ ಪಿನ್‌ಗಳ ನಡುವೆ ಸೋರಿಕೆಯ ದಾರಿ ಮಾಡುತ್ತದೆ. ಸೆಗ್ಮೆಂಟ್ ಓಡಿಸುವ ಕರೆಂಟೇ ಮೈಕ್ರೊ ಆಂಪ್‌ಗಳಲ್ಲಿರುವಾಗ ಇಷ್ಟು ಸಾಕು. ಬ್ಯಾಟರಿ ಉಳಿಸಲು ವಿಡಿಡಿ (ಪೂರೈಕೆ) ಮತ್ತು ವಿಎಲ್‌ಸಿಡಿ (ಪರದೆಯ ವೋಲ್ಟೇಜು) ಪಿನ್‌ಗಳ ನಡುವಿನ ರೆಸಿಸ್ಟರ್ ಹೆಚ್ಚಿಸಿದ್ದೀರಾ ನೋಡಿ. 5 ವೋಲ್ಟ್ ಪೂರೈಕೆಯಲ್ಲಿ ಪರದೆಗೆ 4 ವೋಲ್ಟ್ ಸಿಗಲು ತಯಾರಕರು ಹೇಳುವುದು ಸುಮಾರು 15 ಕಿಲೊ ಓಮ್.

ಖಾಲಿ ಪರದೆಗೆ ಐಸಿಗೆ ಗಡಿಯಾರದ ಸಂಕೇತ ಕೊಡುವ 32.768 ಕಿಲೊಹರ್ಟ್ಸ್ ಕ್ರಿಸ್ಟಲ್ ಮೇಲೆ ಅನುಮಾನ. ಅದರ ಕಂಪನ ಬಹಳ ದುರ್ಬಲ, ಕಾಲುಗಳ ನಡುವೆ ತೇವ ಸೇರಿದರೆ ಶುರುವಾಗುವುದೇ ಇಲ್ಲ. ಐಸಿಯೊಳಗಿನ 256 ಕಿಲೊಹರ್ಟ್ಸ್ ಆರ್‌ಸಿ ಗಡಿಯಾರಕ್ಕೆ ಬದಲಾಯಿಸಿ, ತುಸು ಹೆಚ್ಚು ಕರೆಂಟ್ ಹೋದರೂ ಮಲೆನಾಡಿಗೆ ಅದೇ ಲೇಸು. ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬ್ರಶ್ಶಿನಿಂದ ತೊಳೆದು, 60 ಡಿಗ್ರಿಯಲ್ಲಿ ಎರಡು ತಾಸು ಒಣಗಿಸಿ, ಬಿಸಿ ಆರುವ ಮುನ್ನವೇ ಅಕ್ರಿಲಿಕ್ ಲೇಪನ ಕೊಡಿ. ತೇವ ಒಳಗಿರುವಾಗಲೇ ಲೇಪಿಸಿದರೆ ಅದು ಅಲ್ಲೇ ಬಂದಿ. ಗಾಜಿಗೆ ಸಂಪರ್ಕ ಕೊಡುವ ಜೀಬ್ರಾ ರಬ್ಬರ್ ಕೂರುವ ಜಾಗಕ್ಕೆ ಟೇಪ್ ಅಂಟಿಸಿಕೊಳ್ಳಿ.

ಗಡಿಯಾರದ ಸಂಕೇತವನ್ನು ಮೈಕ್ರೊಕಂಟ್ರೋಲರ್‌ನಿಂದ ಕೊಡುತ್ತಿದ್ದರೆ, ಅದು ಮಲಗುವ ಮುನ್ನ ಎಲ್‌ಸಿಡಿ ಆಫ್ ಆದೇಶ ಕಳಿಸಲೇಬೇಕು. ಹೊರಗಿನ ಗಡಿಯಾರವಿದ್ದಾಗ ಸಿಸ್ ಡಿಸ್ (ಐಸಿಯ ಗಡಿಯಾರ ನಿಲ್ಲಿಸುವ) ಆದೇಶ ಒಂದೇ ಐಸಿಯನ್ನು ಮಲಗಿಸುವುದಿಲ್ಲ. ಗಡಿಯಾರ ನಿಂತು ವೋಲ್ಟೇಜು ಉಳಿದರೆ ಗಾಜಿನ ಮೇಲೆ ನೇರ ವಿದ್ಯುತ್ ಕೂತು ಗೆರೆಗಳು ಶಾಶ್ವತವಾಗಿ ಹಾಳಾಗುತ್ತವೆ.

ಪ್ರಶ್ನೆ: ಸದಾ ಉರಿಯುವ ಹವಾ ಫಲಕಕ್ಕೆ ಮೆಮರಿ ಎಲ್‌ಸಿಡಿಯೋ (ಪ್ರತಿ ಪಿಕ್ಸೆಲ್ ತನ್ನ ಸ್ಥಿತಿ ನೆನಪಿಟ್ಟುಕೊಳ್ಳುವ ಪರದೆ) ಇ-ಪೇಪರೋ (ಕರೆಂಟ್ ಇಲ್ಲದೆಯೂ ಚಿತ್ರ ಉಳಿಸಿಕೊಳ್ಳುವ ಪರದೆ)? (ಹೊಸನಗರ)

ಉತ್ತರ: ಅಂಕಿ ನಿಮಿಷಕ್ಕೊಮ್ಮೆ ಬದಲಾಗುವುದಾದರೆ ಮೆಮರಿ ಎಲ್‌ಸಿಡಿ. ಚಿತ್ರ ಬದಲಾಗದಿದ್ದರೂ ಸೆಕೆಂಡಿಗೊಮ್ಮೆಯಾದರೂ ವಿಕಾಂನ ಧ್ರುವ ತಿರುಗಿಸುತ್ತಿರಬೇಕು. ದಿನಕ್ಕೆ ನಾಲ್ಕಾರು ಸಲ ಸಾಕೆಂದರೆ ಇ-ಪೇಪರ್. ಪ್ರತಿ ಬದಲಾವಣೆಯ ನಂತರ ಡೀಪ್ ಸ್ಲೀಪ್ ಆದೇಶ ಮರೆಯಬೇಡಿ, ಹೆಚ್ಚಿನ ವೋಲ್ಟೇಜು ಬಹಳ ಹೊತ್ತು ಉಳಿದರೆ ಹಾಳೆ ಕೆಡುತ್ತದೆ. ಭಾಗಶಃ ರಿಫ್ರೆಶ್ ನಾಲ್ಕೈದು ಸಲ ಆದ ಮೇಲೆ ಒಮ್ಮೆ ಪೂರ್ತಿ ರಿಫ್ರೆಶ್ ಕೊಟ್ಟರೆ ಹಳೆಯ ಅಂಕಿಯ ನೆರಳು ಉಳಿಯುವುದಿಲ್ಲ.