ಕ್ಲಚ್ ಬಿಚ್ಚೋಕೆ ಮುಂಚೆ ಬೆಲ್ ತಿರುಗಿಸಿ ನೋಡಿ

ಓದುಗರ ಪ್ರಶ್ನೆ, ಮೆಕ್ಯಾನಿಕ್ ಉತ್ತರ. ಈ ಸಲ ಬಂದ ಪತ್ರಗಳೆಲ್ಲ ನೈಟ್ರೊ ಟ್ರಕ್ಕಿನ, ಅಂದರೆ ನೈಟ್ರೊ ಇಂಧನದ ಪುಟ್ಟ ಇಂಜಿನ್ ಇರುವ ರಿಮೋಟ್ ಕಂಟ್ರೋಲ್ ಆಟದ ಗಾಡಿಯ, ಕ್ಲಚ್ ಮತ್ತು ಫ್ಲೈವೀಲ್ (ಇಂಜಿನ್ ಶಾಫ್ಟಿಗೆ ಕೂಡಿಸಿದ ಭಾರದ ಚಕ್ರ) ಸುತ್ತಲೇ ಇವೆ.

ಪ್ರಶ್ನೆ: ನನ್ ಕಡೆ 1/8 ಅಳತೆಯ ನೈಟ್ರೊ ಟ್ರಕ್ ಅದ. ಇಂಜಿನ್ ಚಾಲೂ ಆದ ಕೂಡ್ಲೇ, ಥ್ರಾಟಲ್ ಮುಟ್ಟದಿದ್ರೂ ಗಾಡಿ ತಾನೇ ಮುಂದ ಹೋಗ್ತದ. ಬ್ರೇಕ್ ಹಿಡಿದ್ರ ಇಂಜಿನ್ನೇ ಬಂದ್ ಆಗ್ತದ. ಕ್ಲಚ್ ಸ್ಪ್ರಿಂಗ್ ಹೊಸಾವು ಹಾಕೀನಿ, ಆದ್ರೂ ಹಂಗೇ ಅದ. ಇನ್ನೇನು ಬದಲಿ ಮಾಡ್ಬೇಕ್ರಿ?
— ಓದುಗರೊಬ್ಬರು, ಕಲಬುರಗಿ

ಉತ್ತರ: ಬದಲಿ ಮಾಡುವ ಮಾತು ಆಮೇಲೆ. ಇಂಜಿನ್ ಪೂರ್ತಿ ತಣ್ಣಗಾಗಲಿ. ಇಂಜಿನ್ ಮೌಂಟಿನ ಸ್ಕ್ರೂ ಸಡಿಲಿಸಿ, ಕ್ಲಚ್ ಬೆಲ್‌ನ (ಕ್ಲಚ್ಚನ್ನು ಮುಚ್ಚಿರುವ ಹಲ್ಲಿನ ಬಟ್ಟಲು) ಹಲ್ಲು ಸ್ಪರ್ ಗೇರಿನಿಂದ (ಚಕ್ರಗಳಿಗೆ ಎಳೆತ ಕೊಡುವ ದೊಡ್ಡ ಗೇರು) ಬಿಡುವಷ್ಟು ಇಂಜಿನ್ ಪಕ್ಕಕ್ಕೆ ಸರಿಸಿ. ಈಗ ಬೆಲ್ಲನ್ನು ಬೆರಳಿನಿಂದ ತಿರುಗಿಸಿ. ಫ್ಲೈವೀಲ್ ಅಲ್ಲಾಡದೆ ಬೆಲ್ ಮಾತ್ರ ಸರಾಗವಾಗಿ ತಿರುಗಬೇಕು. ಗರಗರ ಅಂದರೆ, ತಡೆದು ತಡೆದು ತಿರುಗಿದರೆ, ಇಲ್ಲವೇ ಫ್ಲೈವೀಲನ್ನೂ ಜೊತೆಗೆ ಎಳೆದುಕೊಂಡು ಹೋದರೆ ತಪ್ಪು ಸ್ಪ್ರಿಂಗಿನದ್ದಲ್ಲ, ಬೆಲ್ ಬೇರಿಂಗಿನದ್ದು. ನೀವು ಹೊಸ ಸ್ಪ್ರಿಂಗ್ ಹಾಕಿದರೂ ಗಾಡಿ ಬದಲಾಗಲಿಲ್ಲ ಅನ್ನುವುದೇ ನಮಗೆ ಬೇರಿಂಗ್ ಮೇಲೆ ಸಂಶಯ ಬರಲು ಕಾರಣ.

ಈ ಕ್ಲಚ್ ಕೆಲಸ ಮಾಡುವುದು ಬರೀ ವೇಗದ ಬಲದಿಂದ. ಫ್ಲೈವೀಲಿನ ಪಿನ್ನುಗಳ ಮೇಲೆ ಶೂ ಎಂಬ ಹಿಡಿತದ ತುಂಡುಗಳು ಕೂತಿರುತ್ತವೆ, ಸ್ಪ್ರಿಂಗ್ ಅವನ್ನು ಒಳಕ್ಕೆ ಎಳೆದು ಹಿಡಿದಿರುತ್ತದೆ. ಇಂಜಿನ್ ವೇಗ ಏರಿದಾಗ ಶೂ ಹೊರಕ್ಕೆ ಚಾಚಿ ಬೆಲ್ಲನ್ನು ಹಿಡಿಯುತ್ತದೆ. ಐಡಲ್‌ನಲ್ಲಿ, ಅಂದರೆ ಥ್ರಾಟಲ್ ಕೊಡದೆ ಇಂಜಿನ್ ನಿಧಾನಕ್ಕೆ ಓಡುವಾಗ, ಬೆಲ್ ನಿಂತೇ ಇರಬೇಕು. ಆದರೆ ಬೆಲ್ ಕೂತಿರುವುದು ಎರಡು ಬೇರಿಂಗ್ ಮೇಲೆ, ಆ ಬೇರಿಂಗಿನೊಳಗೆ ಇಂಜಿನ್ನಿನ ಶಾಫ್ಟು ಸದಾ ತಿರುಗುತ್ತಲೇ ಇರುತ್ತದೆ. ಬೇರಿಂಗ್ ಜಾಮ್ ಆಯಿತೆಂದರೆ ಶೂ ಮುಟ್ಟದಿದ್ದರೂ ಶಾಫ್ಟೇ ಬೆಲ್ಲನ್ನು ಎಳೆದೊಯ್ಯುತ್ತದೆ. ಮೊದಲು ಹೋಗುವುದು ಸಾಮಾನ್ಯವಾಗಿ ಒಳಗಡೆಯದು, ಶೂಗಳಿಗೆ ಅಂಟಿಕೊಂಡು ಇರುವುದು. ಶೂ ಉಜ್ಜಿದ ಬಿಸಿಗೆ ಅದರ ಗ್ರೀಸ್ ಸುಟ್ಟು ಆರುತ್ತದೆ, ಮೇಲೆ ನಮ್ಮ ಕಡೆಯ ಧೂಳು ಬೇರೆ.

1/8 ಗಾಡಿಗಳಲ್ಲಿ ಈ ಬೇರಿಂಗ್ ಬಹುಪಾಲು 5×10×4 ಮಿಮೀ: ಒಳವ್ಯಾಸ, ಹೊರವ್ಯಾಸ, ದಪ್ಪ. ಆದರೂ ಹಳೆಯದನ್ನು ವರ್ನಿಯರ್‌ನಲ್ಲಿ ಅಳೆದೇ ಹೋಗಿ. ಬೇರಿಂಗ್ ಅಂಗಡಿಯಲ್ಲಿ ಟ್ರಕ್ಕಿನ ಹೆಸರು ಹೇಳಿದರೆ ಮುಖ ನೋಡುತ್ತಾರೆ, ಮೂರು ಅಳತೆ ಹೇಳಿದರೆ ಡಬ್ಬಿ ತೆಗೆಯುತ್ತಾರೆ. ಎರಡನ್ನೂ ಒಟ್ಟಿಗೇ ಬದಲಿಸಿ. ಬಿಸಿ ತಡೆಯಬೇಕಾದ ಜಾಗ, ಹಾಗಾಗಿ ರಬ್ಬರ್ ಮುಚ್ಚಳದ್ದಕ್ಕಿಂತ ಲೋಹದ ಮುಚ್ಚಳದ್ದು ಮೇಲು.

ಬೆಲ್ ಸಲೀಸಾಗಿ ತಿರುಗುತ್ತಿದ್ದರೆ ಅದನ್ನು ಹಿಂದೆ ಮುಂದೆ ಎಳೆದು ನೋಡಿ. ಒಂದಿಷ್ಟು ಆಟ, ಸುಮಾರು 0.2 ಮಿಮೀ, ಇರಲೇಬೇಕು. ತುದಿಯ ಸ್ಕ್ರೂ ಬಿಗಿ ಮಾಡಿದಾಗ ಆ ಆಟ ಮಾಯವಾದರೆ ಬೆಲ್ ಎಲ್ಲೋ ಉಜ್ಜುತ್ತಿದೆ ಎಂದರ್ಥ. 5 ಮಿಮೀ ರಂಧ್ರದ 0.1, 0.2, 0.3 ಮಿಮೀ ದಪ್ಪದ ಶಿಮ್‌ಗಳನ್ನು (ತೆಳು ವಾಷರ್) ಕೂಡಿಸಿ ಕಳೆದು ಸರಿ ಮಾಡಿಕೊಳ್ಳಿ. ಆಟ ಜಾಸ್ತಿಯಾದರೆ ಬೆಲ್ ಓರೆಯಾಗಿ ಕುಣಿದು ಹೊಸ ಬೇರಿಂಗನ್ನೂ ತಿನ್ನುತ್ತದೆ.

ಇವೆರಡೂ ಸರಿ ಇದ್ದರೆ ಐಡಲ್ ಜಾಸ್ತಿ ಇದೆ. ಏರ್ ಫಿಲ್ಟರ್ ತೆಗೆದು ಕಾರ್ಬುರೇಟರ್ ಬಾಯಿ ನೋಡಿ. ಥ್ರಾಟಲ್ ಬಿಟ್ಟಾಗ ಅದರ ಸಂದು 0.5ರಿಂದ 1 ಮಿಮೀ ಒಳಗಿರಬೇಕು. ಫಿಲ್ಟರ್ ಮತ್ತೆ ಕೂಡಿಸಿ, ಇಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ಫ್ಯೂಯಲ್ ಪೈಪನ್ನು ಕಾರ್ಬುರೇಟರ್ ಹತ್ತಿರ ಹಿಸುಕಿ ಹಿಡಿಯಿರಿ. ಎರಡು-ಮೂರು ಸೆಕೆಂಡ್‌ನಲ್ಲಿ ವೇಗ ಕೊಂಚ ಏರಿ ಇಂಜಿನ್ ನಿಂತರೆ ಲೋ ನೀಡಲ್ (ಐಡಲ್‌ನಲ್ಲಿ ಹೋಗುವ ಇಂಧನ ಹೊಂದಿಸುವ ಸ್ಕ್ರೂ) ಸರಿ ಇದೆ. ಹಿಸುಕಿದ ತಕ್ಷಣ ನಿಂತರೆ ಮಿಶ್ರಣ ತೆಳುವಾಗಿದೆ, ಬಹಳ ಹೊತ್ತು ಏರುತ್ತಲೇ ಹೋದರೆ ಇಂಧನ ಹೆಚ್ಚಿದೆ. ಥ್ರಾಟಲ್ ಬಿಟ್ಟರೂ ವೇಗ ಇಳಿಯಲು ತಡ ಮಾಡಿದರೆ ಕಾರ್ಬುರೇಟರ್ ಬುಡದಲ್ಲಿ ಅಥವಾ ಹಿಂಬದಿಯ ಪ್ಲೇಟಿನಲ್ಲಿ ಗಾಳಿ ಸೋರಿಕೆ ಹುಡುಕಿ.

ಪ್ರಶ್ನೆ: ಗಾಡಿಯನ್ನು ಇಂಜಿನ್ ಚಾಲೂ ಮಾಡುವ ಸ್ಟಾರ್ಟರ್ ಬಾಕ್ಸ್ ಮೇಲೆ ಇಟ್ಟರೆ ಫ್ಲೈವೀಲ್ ತಿರುಗುತ್ತದೆ, ಇಂಜಿನ್ ತಿರುಗುವುದಿಲ್ಲ. ನಟ್ ಎಷ್ಟು ಬಿಗಿದರೂ ಒಂದು ದಿನ ಓಡಿ ಮತ್ತೆ ಅದೇ ಕಥೆ. ಫ್ಲೈವೀಲಿಗೆ ಅಂಟು ಹಾಕಿ ಕೂಡಿಸಬಹುದೇ?
— ಓದುಗರೊಬ್ಬರು, ಬೀದರ್

ಉತ್ತರ: ಅಂಟು ಬೇಡವೇ ಬೇಡ. ಫ್ಲೈವೀಲನ್ನು ಶಾಫ್ಟಿಗೆ ಹಿಡಿದಿರುವುದು ನಟ್ಟಿನ ಬಿಗಿಗಿಂತ ಹೆಚ್ಚಾಗಿ ಕೋಲೆಟ್ ಎಂಬ ಸೀಳಿದ ಹಿತ್ತಾಳೆ ಕೋನು. ನಟ್ ಒತ್ತಿದಾಗ ಕೋನು ಸಂಕುಚಿಸಿ ಶಾಫ್ಟನ್ನು ಕಚ್ಚುತ್ತದೆ. ನಡುವೆ ಎಣ್ಣೆಯ ಪಸೆ ಇದ್ದರೆ ಕಚ್ಚುವುದಿಲ್ಲ. ನೈಟ್ರೊ ಇಂಧನದಲ್ಲಿ ಎಣ್ಣೆ ಬೆರೆತೇ ಬರುವುದರಿಂದ, ಮುಂದಿನ ಬೇರಿಂಗ್ ಕಡೆಯಿಂದ ಜಿನುಗಿದರೆ ಅದು ನೇರ ಅಲ್ಲಿಗೇ ಇಳಿಯುತ್ತದೆ.

ಬಿಚ್ಚುವಾಗ ಶಾಫ್ಟ್ ತಿರುಗದಂತೆ ಹಿಡಿಯಲು ಗ್ಲೋ ಪ್ಲಗ್ ತೆಗೆದ ರಂಧ್ರಕ್ಕೆ ಹಾಕುವ ಪಿಸ್ಟನ್ ಸ್ಟಾಪರ್ ಬಳಸಿ. ಸೈಲೆನ್ಸರ್ ಕಡೆಯ ಕಿಂಡಿಯೊಳಗೆ ಸ್ಕ್ರೂಡ್ರೈವರ್ ತುರುಕಿ ತಡೆಯುವವರಿದ್ದಾರೆ, ಪಿಸ್ಟನ್ ಅಂಚು ಮುರಿದು ಇಂಜಿನ್ನೇ ಗುಜರಿಗೆ ಹೋಗುತ್ತದೆ. ಇಕ್ಕಳದಲ್ಲಿ ಫ್ಲೈವೀಲಿನ ಹೊರಮೈ ಹಿಡಿಯುವುದೂ ಅಷ್ಟೇ, ಅಲ್ಯೂಮಿನಿಯಂ ಕಚ್ಚಿ ಹೋಗಿ ತೂಕ ಏರುಪೇರಾಗುತ್ತದೆ. ನಟ್ಟನ್ನು ಶಾಫ್ಟಿನ ತುದಿಗೆ ಸಮನಾಗಿ ಬರುವವರೆಗೆ ಮಾತ್ರ ಸಡಿಲಿಸಿ, ಎರಡು ಕಾಲಿನ ಸಣ್ಣ ಪುಲ್ಲರ್ ಹಾಕಿ ಎಳೆಯಿರಿ. ನಟ್ ಅಲ್ಲೇ ಇದ್ದರೆ ಥ್ರೆಡ್ ಉಳಿಯುತ್ತದೆ. ಫ್ಲೈವೀಲಿಗೂ ಇಂಜಿನ್ ಮೈಗೂ ನಡುವೆ ಸ್ಕ್ರೂಡ್ರೈವರ್ ಇಟ್ಟು ಮೀಟಬೇಡಿ.

ಆಮೇಲೆ ಶಾಫ್ಟ್, ಕೋಲೆಟ್‌ನ ಒಳಮೈ ಹೊರಮೈ, ಫ್ಲೈವೀಲಿನ ರಂಧ್ರ, ಮೂರನ್ನೂ ಬ್ರೇಕ್ ಕ್ಲೀನರ್ ಅಥವಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಬಟ್ಟೆಗೆ ಕಪ್ಪು ಹತ್ತದಷ್ಟು. ಬೆಂಕಿ ಹತ್ತಿರ ಇರಬಾರದು: ನೈಟ್ರೊ ಇಂಧನದ ಮೆಥನಾಲ್ ಹೊತ್ತಿಕೊಂಡರೆ ಹಗಲಲ್ಲಿ ಜ್ವಾಲೆಯೇ ಕಾಣುವುದಿಲ್ಲ. ಕೋಲೆಟ್‌ಗೆ ಬಿರುಕಿದ್ದರೆ, ಒಳಗೆ ಸುತ್ತಲೂ ಗೀರು ಬಿದ್ದು ಹೊಳೆಯುತ್ತಿದ್ದರೆ ಹೊಸದು ಹಾಕಿ. ಬಹುಶಃ ನಿಮ್ಮದು ಹೀಗೇ ಆಗಿರಬೇಕು. ಸಲ ಸಲ ಜಾರಿದ ಕೋಲೆಟ್ ಮತ್ತೆ ಕಚ್ಚುವುದಿಲ್ಲ. ಒಣಗಿದ ಮೇಲೆ ಕೂಡಿಸಿ, ಬಿಗಿದು, ಕೈಯಲ್ಲಿ ತಿರುಗಿಸಿ ಪಕ್ಕದಿಂದ ನೋಡಿ. ಫ್ಲೈವೀಲ್ ಇಂಜಿನ್ ಮೈಗೆ ತಾಗಬಾರದು, ಅಲುಗಾಡಿ ತಿರುಗಬಾರದು. ಅಲುಗಾಡುವ ಫ್ಲೈವೀಲ್ ಬರೀ ಸದ್ದಿನ ವಿಷಯವಲ್ಲ. ಆ ನಡುಕಕ್ಕೆ ಟ್ಯಾಂಕಿನ ಇಂಧನ ನೊರೆ ಏಳುತ್ತದೆ, ಆ ನೊರೆ ಒಳಕ್ಕೆ ಹೋದರೆ ಇಂಜಿನ್ ತೆಳು ಮಿಶ್ರಣದಲ್ಲಿ ಓಡಿ ಕಾಯುತ್ತದೆ. ನೀಡಲ್ ತಿರುವಿ ತಿರುವಿ ಸುಸ್ತಾಗುವ ಅನೇಕರ ಗಾಡಿಯಲ್ಲಿ ನಿಜವಾದ ರೋಗ ಇದು.

ಪ್ರಶ್ನೆ: ಸ್ಪೀಡ್ ಬೇಕಂತ ಬೆಲ್ 13 ಹಲ್ಲಿಂದ 15ಕ್ಕೆ ಬದಲಿಸಿ, ಸ್ಪ್ರಿಂಗ್ 1.0ರಿಂದ 1.1 ಮಿಮೀ ಮಾಡೀನಿ. ಈಗ ಇಂಜಿನ್ ಅರಚ್ತದ, ಗಾಡಿ ಎಳೀತಿಲ್ಲ, ಸುಟ್ಟ ವಾಸನಿ ಬರ್ತದ. ಮಳಿ ಬಂದ ಮ್ಯಾಲೆ ಎರಿ ಹೊಲದಾಗ ಓಡಸ್ತೀನಿ.
— ಓದುಗರೊಬ್ಬರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಎರಿ ಮಣ್ಣು ಟೈರಿಗೆ ಮೆತ್ತಿಕೊಂಡರೆ ಗಾಡಿಯ ತೂಕವೇ ಬೇರೆ. ಅದರ ಮೇಲೆ ನೀವು ಮಾಡಿದ ಎರಡು ಬದಲಾವಣೆಯೂ ಕ್ಲಚ್ಚಿಗೆ ಹೊರೆ. ಸ್ಪರ್ 46 ಹಲ್ಲಿನದ್ದಾಗಿದ್ದರೆ 13ರ ಬೆಲ್ಲಿನಲ್ಲಿ ಅನುಪಾತ 3.54, 15ರಲ್ಲಿ 3.07. ಚಕ್ರಕ್ಕೆ ಸಿಗುವ ಎಳೆತ ಹತ್ತಿರಹತ್ತಿರ ಶೇ 13 ಕಡಿಮೆ. ದಪ್ಪ ಸ್ಪ್ರಿಂಗ್ ಹಾಕಿದ್ದರಿಂದ ಶೂ ಹಿಡಿಯುವುದೂ ತಡ. ಹಿಡಿಯುವ ಹೊತ್ತಿಗೆ ಇಂಜಿನ್ ವೇಗ ಏರಿರುತ್ತದೆ, ಬೆಲ್ ಇನ್ನೂ ನಿಂತಿರುತ್ತದೆ, ಆ ವ್ಯತ್ಯಾಸವೆಲ್ಲ ಉಜ್ಜಿ ಬಿಸಿಯಾಗುತ್ತದೆ. ಕೆಸರಲ್ಲಿ ಅರ್ಧ ಥ್ರಾಟಲ್‌ನಲ್ಲಿ ತೆವಳಿಸಿದರೆ ಕ್ಲಚ್ ಪೂರ್ತಿ ಹಿಡಿಯುವುದೇ ಇಲ್ಲ.

ಬೆಲ್ ಬಿಚ್ಚಿ ಒಳಮೈ ನೋಡಿ. ನೀಲಿ ಅಥವಾ ನೇರಳೆ ಬಣ್ಣ ಬಂದಿದ್ದರೆ ವಿಪರೀತ ಕಾದಿದೆ. ಉಗುರಿಗೆ ತಗಲುವಷ್ಟು ಗೆರೆ ಬಿದ್ದಿದ್ದರೆ ಹೊಸ ಬೆಲ್ ತನ್ನಿ. ಬರೀ ಹೊಳಪು ಬಂದಿದ್ದರೆ 400 ನಂಬರಿನ ಉಜ್ಜುಕಾಗದದಿಂದ ಬೆಲ್ ಒಳಮೈ, ಶೂ ಮೇಲ್ಮೈ ಎರಡನ್ನೂ ಹಗುರವಾಗಿ ಉಜ್ಜಿ, ಕ್ಲೀನರ್‌ನಲ್ಲಿ ಒರೆಸಿ. ಎಣ್ಣೆ ಕಂಡರೆ ಅದರ ಮೂಲ ಹುಡುಕದೆ ಕೂಡಿಸಬೇಡಿ, ವಾರದಲ್ಲೇ ಮತ್ತೆ ಜಾರುತ್ತದೆ. ಶೂ ಸವೆದು ಪಿನ್ ಬೆಲ್ಲಿಗೆ ತಾಗುವ ಹಂತಕ್ಕೆ ಬಂದಿದ್ದರೆ ಎಲ್ಲ ಶೂ, ಎಲ್ಲ ಸ್ಪ್ರಿಂಗ್ ಒಟ್ಟಿಗೇ ಬದಲಿಸಿ. ಒಂದು ಹೊಸದು, ಎರಡು ಹಳೆಯದು ಎಂಬ ಉಳಿತಾಯ ಇಲ್ಲಿ ನಡೆಯುವುದಿಲ್ಲ, ಮೂರೂ ಒಂದೇ ವೇಗಕ್ಕೆ ಚಾಚಬೇಕು. ಹೊಲಕ್ಕೆ 13 ಹಲ್ಲು, 1.0 ಸ್ಪ್ರಿಂಗ್ ಸಾಕು. 15ನ್ನು ಗಟ್ಟಿ ಬಯಲಿಗೆ ಇಟ್ಟುಕೊಳ್ಳಿ.

ಪ್ರಶ್ನೆ: ಸ್ಪರ್ ಗೇರಿನ ಹಲ್ಲು ಪದೇ ಪದೇ ಬೋಳಾಗುತ್ತಿದೆ. ಕ್ಲಚ್ ಕಾರಣವೇ?
— ಓದುಗರೊಬ್ಬರು, ಸೇಡಂ

ಉತ್ತರ: ಅಲ್ಲ, ಇಂಜಿನ್ ಜರುಗುತ್ತಿದೆ. ಮೌಂಟ್ ಸ್ಕ್ರೂಗಳ ಎಣ್ಣೆ ಒರೆಸಿ, ನೀಲಿ ಥ್ರೆಡ್ ಲಾಕ್ (ಸ್ಕ್ರೂ ಸಡಿಲವಾಗದಂತೆ ತಡೆಯುವ ದ್ರವ) ಹಚ್ಚಿ ಹಾಕಿ. ಬಿಗಿಯುವ ಮುಂಚೆ ಬೆಲ್ ಮತ್ತು ಸ್ಪರ್ ನಡುವೆ ಒಂದು ಪಟ್ಟಿ ಕಾಗದ ತೂರಿಸಿ, ಎರಡೂ ಗೇರು ಒತ್ತಿ ಹಿಡಿದು ಬಿಗಿಯಿರಿ, ಕಾಗದ ತಿರುಗಿಸಿ ಹೊರತೆಗೆಯಿರಿ. ದಿನಪತ್ರಿಕೆಯ ಕಾಗದ ಸಾಕು, ಮದುವೆ ಕಾರ್ಡ್ ಬೇಡ. ಸ್ಪರ್ ಅಚ್ಚುಕಟ್ಟು ಗುಂಡಗಿರುವುದಿಲ್ಲ, ಹಾಗಾಗಿ ನಾಲ್ಕು ಕಡೆ ತಿರುಗಿಸಿ ಪರೀಕ್ಷಿಸಿ. ಅತಿ ಬಿಗಿಯಾದ ಜಾಗದಲ್ಲೂ ಕೂದಲೆಳೆಯಷ್ಟು ಆಟ ಉಳಿದಿರಬೇಕು.